ಮತವಿಲ್ಲದವರಿಗೂ ಪೌರನೀತಿ

ಟೆಕ್ಸಸ್ ರಾಜ್ಯದ ಮತದಾರರ ನೋಂದಣಿ ಅರ್ಜಿಯ ಮೇಲ್ಭಾಗದಲ್ಲೇ ಒಂದು ಪ್ರಶ್ನೆ ಇದೆ: ನೀವು ಅಮೆರಿಕದ ಪೌರರೇ? ಪಕ್ಕದಲ್ಲಿ ಹೌದು, ಇಲ್ಲ ಎಂದು ಎರಡು ಪುಟ್ಟ ಚೌಕಗಳು. ಇಲ್ಲ ಎನ್ನುವವರು ಅರ್ಜಿ ತುಂಬಬಾರದು ಎಂಬ ಸೂಚನೆಯೂ ಅಲ್ಲೇ ಇದೆ. ಅರ್ಹ ವಿದ್ಯಾರ್ಥಿಗಳಿಗೆ ವರ್ಷಕ್ಕೆ ಎರಡು ಸಲವಾದರೂ ಈ ಅರ್ಜಿಯನ್ನು ಹೈಸ್ಕೂಲುಗಳೇ ಹಂಚಬೇಕು ಎಂಬುದು ಇಲ್ಲಿನ ಕಾನೂನು. 17 ವರ್ಷ 10 ತಿಂಗಳು ತುಂಬಿದ್ದರೆ ಅರ್ಜಿ ಹಾಕಬಹುದು. ಡಲ್ಲಾಸ್ ನಗರದ ಉತ್ತರಕ್ಕಿರುವ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ನಾನು 12ನೆಯ ತರಗತಿಗೆ ಅಮೆರಿಕದ ಸರ್ಕಾರದ ಪಾಠ ಮಾಡುತ್ತೇನೆ. ಅರ್ಧ ವರ್ಷದ ಪಾಠ ಅದು, ಉಳಿದ ಅರ್ಧ ಅರ್ಥಶಾಸ್ತ್ರ. ಹಾಗಾಗಿ ಅರ್ಜಿ ಹಂಚುವ ಕೆಲಸ ನನ್ನ ತರಗತಿಯಲ್ಲೇ ನಡೆಯುತ್ತದೆ.

2023ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಾಗೆಯೇ ಹಂಚುತ್ತಿದ್ದೆ. ಮಕ್ಕಳಲ್ಲಿ ಒಂದು ಬಗೆಯ ಸಂಭ್ರಮವಿತ್ತು. ಮೊದಲ ಬಾರಿ ಸಹಿ ಹಾಕುವವರ ಸಂಭ್ರಮ. ಕೆಲವರಿಗೆ ತಮ್ಮ ಸಹಿ ಹೇಗಿರಬೇಕು ಎಂದೇ ಇನ್ನೂ ತೀರ್ಮಾನವಾಗಿರಲಿಲ್ಲ, ನೋಟುಪುಸ್ತಕದ ಅಂಚಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆದು ನೋಡುತ್ತಿದ್ದರು. ಮೂರನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ಅರ್ಜಿಯನ್ನು ಓದಿ, ಮಗುಚಿ ಇಟ್ಟು, ಪೆನ್ನಿನ ಮುಚ್ಚಳ ಹಾಕಿ ಅದರ ಮೇಲಿಟ್ಟು, ಕೈ ಕಟ್ಟಿ ಕುಳಿತಳು. ಮುಖದಲ್ಲಿ ಬೇಸರವಿರಲಿಲ್ಲ. ಮದುವೆ ಮನೆಯಲ್ಲಿ ತನ್ನ ಹೆಸರು ಕರೆಯುವುದಿಲ್ಲ ಎಂದು ಮೊದಲೇ ಗೊತ್ತಿರುವವರು ಒಂದು ಕಡೆ ಕುಳಿತುಕೊಳ್ಳುತ್ತಾರಲ್ಲ, ಹಾಗೆ. ತಿಂಗಳ ಹಿಂದಷ್ಟೇ ಸಂವಿಧಾನದ ಮೊದಲ ಪರೀಕ್ಷೆಯಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದಿದ್ದವಳು ಅವಳು. ಅಪ್ಪ ಅಮ್ಮ ದಾವಣಗೆರೆಯವರು. 5 ವರ್ಷದವಳಿದ್ದಾಗ ಬಂದವಳು. ಅಪ್ಪನ ಕೆಲಸದ ವೀಸಾದ ನೆರಳಿನಲ್ಲಿ ಇವಳದೂ ಒಂದು ವೀಸಾ. ಗ್ರೀನ್ ಕಾರ್ಡಿನ ಸಾಲು ಭಾರತದವರಿಗೆ ಎಷ್ಟು ಉದ್ದ ಎಂಬುದನ್ನು ಇದನ್ನು ಓದುವ ಎಷ್ಟೋ ಮನೆಗಳಿಗೆ ನಾನು ಹೇಳಬೇಕಾಗಿಲ್ಲ. 21 ತುಂಬಿದ ದಿನ ಆ ನೆರಳೂ ತಪ್ಪುತ್ತದೆ.

ಆ ಕೈ ಕಟ್ಟಿದ ಭಂಗಿ ನನಗೆ ಚೆನ್ನಾಗಿ ಗೊತ್ತು. ಈ ಪಾಠ ಮಾಡಲು ತೊಡಗಿದ ಮೊದಲ ನಾಲ್ಕು ವರ್ಷ ನಾನೇ ಇಲ್ಲಿನ ಪೌರಳಾಗಿರಲಿಲ್ಲ. ಪ್ರತಿನಿಧಿ ಸಭೆಯಲ್ಲಿ 435 ಜನ, ಸೆನೆಟ್‌ನಲ್ಲಿ 100, ಅಧ್ಯಕ್ಷರಾಗಲು 538 ಚುನಾಯಕ ಮತಗಳಲ್ಲಿ 270 ಎಂದು ಬೋರ್ಡಿನ ಮೇಲೆ ಬರೆದು, ಚುನಾವಣೆಯ ದಿನ ಮತ ಹಾಕಿ ಬನ್ನಿ ಎಂದು ಮಕ್ಕಳಿಗೆ ಹೇಳಿ, ಸಂಜೆ ಮತಗಟ್ಟೆಯ ಮುಂದೆ ಕಾರು ನಿಧಾನ ಮಾಡಿ ಸಾಲು ನೋಡಿಕೊಂಡು ಮನೆಗೆ ಬರುತ್ತಿದ್ದೆ. ಯಾರಾದರೂ ಮಕ್ಕಳು, ನೀವು ಯಾರಿಗೆ ಮತ ಹಾಕುತ್ತೀರಿ ಮೇಡಂ ಎಂದು ಕೇಳಿದರೆ, ಶಿಕ್ಷಕರು ಅದನ್ನು ಹೇಳಬಾರದು ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ಅರ್ಧ ಉತ್ತರ ಈಗಲೂ ನನ್ನನ್ನು ಚುಚ್ಚುತ್ತದೆ. ನನಗೆ ಮತವಿಲ್ಲ ಎಂದು ಆಗಲೇ ಹೇಳಿದ್ದರೆ, ತರಗತಿಯಲ್ಲಿ ಕೈ ಕಟ್ಟಿ ಕುಳಿತ ಒಂದೆರಡು ಮಕ್ಕಳಿಗಾದರೂ ತಾವು ಒಬ್ಬಂಟಿಗಳಲ್ಲ ಎನ್ನಿಸುತ್ತಿತ್ತು.

2019ರಲ್ಲಿ ಪೌರತ್ವದ ಸಂದರ್ಶನಕ್ಕೆ ಹೋದಾಗ ಇದ್ದ ಪದ್ಧತಿಯಲ್ಲಿ 100 ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತಿದ್ದರು. ಅಧಿಕಾರಿ ಅವುಗಳಲ್ಲಿ 10ರವರೆಗೆ ಕೇಳುತ್ತಿದ್ದರು, 6 ಸರಿಯಾದರೆ ನಿಲ್ಲಿಸುತ್ತಿದ್ದರು. ನಾನು ದಿನವೂ ಕಲಿಸುವ ವಿಷಯ, ಓದುವ ಅಗತ್ಯವಿರಲಿಲ್ಲ. ಆದರೂ ಓದಿದೆ. ಓದುವಾಗ 50 ಮತ್ತು 51ನೆಯ ಪ್ರಶ್ನೆಗಳ ಹತ್ತಿರ ನಿಂತುಬಿಟ್ಟೆ. ಅಮೆರಿಕದ ಪೌರರಿಗೆ ಮಾತ್ರ ಇರುವ ಒಂದು ಹಕ್ಕು ಹೇಳಿ ಎನ್ನುತ್ತಿತ್ತು 50ನೆಯದು. ಒಪ್ಪುವ ಉತ್ತರ ಎರಡೇ: ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವುದು, ರಾಷ್ಟ್ರೀಯ ಹುದ್ದೆಗೆ ಸ್ಪರ್ಧಿಸುವುದು. ಅಮೆರಿಕದಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ಇರುವ ಎರಡು ಹಕ್ಕು ಹೇಳಿ ಎನ್ನುತ್ತಿತ್ತು 51ನೆಯದು. ಅದಕ್ಕೆ ಉತ್ತರಗಳ ಸಾಲೇ ಇತ್ತು: ಮಾತಿನ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಪೂಜೆ ಪ್ರಾರ್ಥನೆಯ ಸ್ವಾತಂತ್ರ್ಯ, ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಸ್ವಾತಂತ್ರ್ಯ. ನಾಲ್ಕು ವರ್ಷ ನಾನು 50ನೆಯ ಪ್ರಶ್ನೆಯ ಪಾಠವನ್ನೇ ಮಾಡಿದ್ದೆ. 51ನೆಯದನ್ನು ಒಂದು ದಿನದಲ್ಲಿ ಮುಗಿಸಿದ್ದೆ.

ಮೂರು ಅಂಗಗಳ ಚಿತ್ರ

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ತಿಪಟೂರು ತಾಲ್ಲೂಕಿನ ನಮ್ಮ ಊರಿನ ಶಾಲೆಯಲ್ಲಿ ನಾವು ಪೌರನೀತಿ ಎಂದು ಕಲಿತದ್ದು ಅದನ್ನೇ. ಇಲ್ಲಿಯೂ ಮಕ್ಕಳು ಕೆಳಗಿನ ತರಗತಿಗಳಿಂದ ಅದೇ ತ್ರಿಕೋನವನ್ನು ಬಿಡಿಸಿ ಬಿಡಿಸಿ ಬಂದಿರುತ್ತಾರೆ. ಅಧ್ಯಕ್ಷರು ಮಸೂದೆಯನ್ನು ತಡೆಯಬಹುದು, ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಮೂರನೇ ಎರಡರ ಬಹುಮತದಿಂದ ಅದನ್ನು ಮೀರಬಹುದು, ನ್ಯಾಯಾಲಯ ಎರಡನ್ನೂ ತಡೆಯಬಹುದು. ಬಾಣಗಳು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ. ಚಿತ್ರ ಸರಿಯಾಗಿಯೇ ಇದೆ. ಅದರಲ್ಲಿ ಮಕ್ಕಳು ನಿಲ್ಲುವ ಜಾಗವಿಲ್ಲ, ಅಷ್ಟೇ. ನಿಮ್ಮ ಶಾಲಾ ಬಸ್ಸು ಎಷ್ಟು ಗಂಟೆಗೆ ಬರಬೇಕು ಎಂದು ತೀರ್ಮಾನಿಸುವವರು ಯಾರು ಎಂದು ಕೇಳಿ ನೋಡಿದೆ. ಅಧ್ಯಕ್ಷರು ಎಂದ ಹುಡುಗನಿದ್ದಾನೆ, ರಾಜ್ಯಪಾಲರು ಎಂದವರಿದ್ದಾರೆ. ಶಾಲೆಯಿಂದ ಎರಡು ಮೈಲಿ ದೂರದ ಕಟ್ಟಡದಲ್ಲಿ ಸಂಜೆ ಸಭೆ ಸೇರುವ, ಸಂಬಳವಿಲ್ಲದ, ಊರಿನವರೇ ಆರಿಸಿದ ಶಾಲಾ ಮಂಡಳಿಯ 7 ಜನರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆಯಿಂದ ಬಂದವರಿಗೆ ಇದು ಇನ್ನೂ ತೊಡಕು. ನಮಗೆ ತಾಲ್ಲೂಕು ಕಚೇರಿ ಎಂದೊಂದು ಇತ್ತು. ಏನೇ ಆಗಲಿ, ಮೊದಲು ಅಲ್ಲಿಗೆ. ಇಲ್ಲಿ ತಹಶೀಲ್ದಾರರೂ ಇಲ್ಲ, ಜಿಲ್ಲಾಧಿಕಾರಿಯೂ ಇಲ್ಲ. ದೇಶದಲ್ಲಿ 90 ಸಾವಿರಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳಿವೆ: ನಮ್ಮ ಜಿಲ್ಲೆಯಂಥ ಕೌಂಟಿ, ನಗರ, ಶಾಲಾ ಜಿಲ್ಲೆ, ನೀರಿಗೆ ಒಂದು, ಬೆಂಕಿ ನಂದಿಸಲು ಇನ್ನೊಂದು. ಒಂದರ ಗಡಿ ಇನ್ನೊಂದರ ಗಡಿಗೆ ಹೊಂದುವುದಿಲ್ಲ. ಟೆಕ್ಸಸ್‌ನಲ್ಲಿ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುತ್ತಾರೆ, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫರನ್ನು ಆರಿಸುತ್ತಾರೆ, ಕಾನ್‌ಸ್ಟೆಬಲ್ ಕೂಡ ಚುನಾಯಿತ. ರೈಲ್‌ರೋಡ್ ಕಮಿಷನ್ ಎಂಬ ಚುನಾಯಿತ ಆಯೋಗಕ್ಕೆ ರೈಲಿನೊಂದಿಗೆ ಈಗ ಸಂಬಂಧವೇ ಇಲ್ಲ, ಅದು ತೈಲ ಮತ್ತು ಅನಿಲದ ಬಾವಿಗಳನ್ನು ನೋಡಿಕೊಳ್ಳುತ್ತದೆ. ಇಲ್ಲಿನ ರಾಜ್ಯಗಳ ಗಟ್ಟಿತನವೂ ಬೇರೆಯೇ. 1989ರಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ದೆಹಲಿಯಿಂದ ವಜಾ ಮಾಡಿದ್ದನ್ನೂ, 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಆ ಅಧಿಕಾರಕ್ಕೆ ಲಗಾಮು ಹಾಕಿದ್ದನ್ನೂ ನಾನು ಒಂದು ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ಬೆರಗಿನಿಂದ ಕೇಳುತ್ತಾರೆ. ವಾಷಿಂಗ್ಟನ್ನಿನಲ್ಲಿ ಕುಳಿತ ಅಧ್ಯಕ್ಷರಿಗೆ ಟೆಕ್ಸಸ್ ಸರ್ಕಾರವನ್ನು ವಜಾ ಮಾಡುವ ದಾರಿಯೇ ಸಂವಿಧಾನದಲ್ಲಿಲ್ಲ ಎಂಬುದು ಆ ಹೋಲಿಕೆಯಿಂದ ಅವರಿಗೆ ಮನದಟ್ಟಾಗುವಷ್ಟು ಯಾವ ವ್ಯಾಖ್ಯೆಯಿಂದಲೂ ಆಗುವುದಿಲ್ಲ.

ಒಂದೇ ವಾಕ್ಯದಲ್ಲಿ ಎರಡು ಪದ

ಆ ಸೆಪ್ಟೆಂಬರಿನ ನಂತರ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಅಮೆರಿಕದ ಸಂವಿಧಾನದ 1868ರ 14ನೆಯ ತಿದ್ದುಪಡಿಯ ಮೊದಲ ಪರಿಚ್ಛೇದವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟು, ಪೌರರು ಎಂಬ ಪದಕ್ಕೆ ವೃತ್ತ ಹಾಕಿ, ವ್ಯಕ್ತಿ ಎಂಬ ಪದದ ಕೆಳಗೆ ಗೆರೆ ಎಳೆಯಿರಿ ಎಂದೆ. ಹತ್ತು ನಿಮಿಷದ ಕೆಲಸ. ಇಲ್ಲಿ ಹುಟ್ಟಿದವರು ಮತ್ತು ಪೌರತ್ವ ಪಡೆದವರು ಪೌರರು. ಪೌರರ ವಿಶೇಷ ಹಕ್ಕುಗಳನ್ನು ಯಾವ ರಾಜ್ಯವೂ ಮೊಟಕು ಮಾಡುವಂತಿಲ್ಲ. ಅಲ್ಲಿಯವರೆಗೆ ವೃತ್ತ. ಅಲ್ಲಿಂದ ಮುಂದೆ ವಾಕ್ಯ ಹೊರಳುತ್ತದೆ. ಕಾನೂನಿನ ನ್ಯಾಯವಾದ ಕ್ರಮವಿಲ್ಲದೆ ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ. ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ. ಬರೆದವರಿಗೆ ಪದ ಮರೆತುಹೋಗಿತ್ತೇ ಎಂದು ಒಬ್ಬ ಹುಡುಗ ಕೇಳಿದ. ಇಲ್ಲ, ಎರಡೂ ಪದ ಒಂದೇ ವಾಕ್ಯದಲ್ಲಿವೆ, ಬೇಕೆಂದೇ ಬದಲಿಸಿದ್ದಾರೆ ಎಂದು ಅವನ ಪಕ್ಕದವಳೇ ಉತ್ತರ ಕೊಟ್ಟಳು.

ಮಂಗಳೂರಿನ ಬೆನೆಗಲ್ ನರಸಿಂಗ ರಾಯರು ನೆನಪಾಗುವುದು ಇಲ್ಲಿ. ಭಾರತದ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಅವರು 1947ರಲ್ಲಿ ಅಮೆರಿಕಕ್ಕೆ ಬಂದು ಇಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಕಾನೂನಿನ ನ್ಯಾಯವಾದ ಕ್ರಮ ಎಂಬ ಮಾತಿನ ಬಗ್ಗೆ ಚರ್ಚಿಸಿದ್ದರು. ನಮ್ಮ ಸಂವಿಧಾನದ 14ನೆಯ ಅನುಚ್ಛೇದದ ಸಮಾನತೆ ಯಾವುದೇ ವ್ಯಕ್ತಿಗೆ, 19ನೆಯ ಅನುಚ್ಛೇದದ ಸ್ವಾತಂತ್ರ್ಯಗಳು ನಾಗರಿಕರಿಗೆ. ಅದೇ ಎರಡು ಪದಗಳ ನಡುವಿನ ಗೆರೆ ನಮ್ಮಲ್ಲಿಯೂ ಇದೆ. ನಾನು ಅದನ್ನು ಗಮನಿಸಿದ್ದು ಟೆಕ್ಸಸ್‌ಗೆ ಬಂದು ಪಾಠ ಮಾಡತೊಡಗಿದ ಮೇಲೆ.

ಆ ಒಂದು ಪದ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಟೈಲರ್ ಎಂಬ ಊರು. ದಾಖಲೆಪತ್ರಗಳಿಲ್ಲದೆ ದೇಶದಲ್ಲಿದ್ದ ಮಕ್ಕಳು ಶಾಲೆಗೆ ಬರಬೇಕಾದರೆ ವರ್ಷಕ್ಕೆ 1,000 ಡಾಲರ್ ಕಟ್ಟಬೇಕು ಎಂದು ಅಲ್ಲಿನ ಶಾಲಾ ಜಿಲ್ಲೆ 1977ರಲ್ಲಿ ನಿಯಮ ಮಾಡಿತು. ಕೆಲವು ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ಜನರ ಕಣ್ಣಿಗೆ ಬೀಳದಿರಲಿ ಎಂದು ವಿಚಾರಣೆಯನ್ನು ನಸುಕಿನ 6 ಗಂಟೆಗೆ ಇಟ್ಟಿದ್ದರು. ಅಲ್ಲಿಂದಲೇ ಹಿಡಿದು ಗಡಿ ದಾಟಿಸಿಬಿಟ್ಟರೆ ಎಂಬ ಭಯದಲ್ಲಿ ಆ ತಂದೆತಾಯಿಗಳು ಮನೆಯ ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಬಂದಿದ್ದರು. 1982ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಆಧಾರ, ವ್ಯಕ್ತಿ ಎಂಬ ಆ ಪದ. ಪ್ಲೈಲರ್ ಮತ್ತು ಡೋ ಪ್ರಕರಣ ಎಂದು ಪರೀಕ್ಷೆಗೆ ಒಂದು ಸಾಲು ಬರೆಸಿ ಮುಂದೆ ಹೋಗುತ್ತಿದ್ದೆ ಮೊದಲು. ಈಗ ಎರಡು ದಿನ ತೆಗೆದುಕೊಳ್ಳುತ್ತೇನೆ. ಸಾಮಾನು ತುಂಬಿದ ಆ ಕಾರುಗಳ ಮಾತು ಬಂದಾಗ ತರಗತಿ ಮೌನವಾಗುತ್ತದೆ. ಅಂಥ ಕಾರಿನ ಭಯ ತಮ್ಮ ಮನೆಯಲ್ಲೂ ಇರುವ ಮಕ್ಕಳು ಯಾರು ಎಂದು ನಾನು ಕೇಳುವುದಿಲ್ಲ, ಕೇಳಲೂಬಾರದು.

ಇದನ್ನೆಲ್ಲ ಹೇಳುವಾಗ ಹಿತವಾದ ಕಥೆಯನ್ನು ಮಾತ್ರ ಹೇಳಿ ಬಿಡಬಾರದು ಎಂದು 1923ರ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣವನ್ನೂ ಓದಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಅವರಿಗೆ, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವವಿಲ್ಲ ಎಂದು ಇದೇ ಸುಪ್ರೀಂ ಕೋರ್ಟ್ ಹೇಳಿತ್ತು. ಭಾರತೀಯರಿಗೆ ಆ ಬಾಗಿಲು ಕಾನೂನಿನಲ್ಲಿ ತೆರೆದದ್ದು 1946ರಲ್ಲಿ. ಹತ್ತೇ ವರ್ಷದಲ್ಲಿ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು.

ಇನ್ನೊಂದು ಪ್ರಕರಣವನ್ನು ಆ ಹುಡುಗಿಗಾಗಿಯೇ ಸೇರಿಸಿದೆ ಎಂದರೂ ಸರಿಯೇ. ಟೆಕ್ಸಸ್ ಸೆನೆಟ್ಟಿನ ಕ್ಷೇತ್ರಗಳನ್ನು ಒಟ್ಟು ಜನಸಂಖ್ಯೆಯ ಮೇಲೆ ಹಂಚಬಾರದು, ಮತದಾರರ ಸಂಖ್ಯೆಯ ಮೇಲೆ ಹಂಚಬೇಕು ಎಂದು ಇಲ್ಲಿನ ಇಬ್ಬರು ಮತದಾರರು ಮೊಕದ್ದಮೆ ಹೂಡಿದ್ದರು. 2016ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಗ ಇದ್ದ ಎಂಟೂ ನ್ಯಾಯಮೂರ್ತಿಗಳು ಅದನ್ನು ತಳ್ಳಿಹಾಕಿದರು. ಪ್ರತಿನಿಧಿ ಸೇವೆ ಮಾಡಬೇಕಾದದ್ದು ತನ್ನ ಕ್ಷೇತ್ರದ ಎಲ್ಲ ನಿವಾಸಿಗಳಿಗೆ, ಮತ ಹಾಕಬಲ್ಲವರಿಗೆ ಮಾತ್ರವಲ್ಲ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. ಮತವಿಲ್ಲದವರಿಗೂ ಸರ್ಕಾರದ ನಿರ್ಧಾರಗಳಲ್ಲಿ ಪಾಲಿದೆ ಎನ್ನುವುದಕ್ಕೆ ಅವರು ಕೊಟ್ಟ ಉದಾಹರಣೆ ಶಾಲೆಗೆ ಹೋಗುವ ಮಕ್ಕಳು. ಪಾಠ ಮುಗಿದ ಮೇಲೆ ಹುಡುಗಿ ನನ್ನ ಮೇಜಿನ ಹತ್ತಿರ ಬಂದು, "ಹಾಗಾದರೆ ನನ್ನನ್ನೂ ಎಣಿಸಿದ್ದಾರೆ ಅಲ್ಲವೇ?" ಎಂದಳು. 2020ರ ಜನಗಣತಿಯಲ್ಲಿ ನಿಮ್ಮ ಮನೆಯವರು ತುಂಬಿದ್ದರೆ ಎಣಿಸಿದ್ದಾರೆ ಎಂದೆ. ಅಪ್ಪ ತುಂಬಿದ್ದು ಅವಳಿಗೆ ನೆನಪಿತ್ತು.

ಸಂತೆಯ ದಾರಿ

ಅಂಕಕ್ಕಾಗಿ ನಾನು ಕೊಟ್ಟ ಕೆಲಸ ಸರಳವಾದದ್ದು. ನಿನಗೆ ದಿನವೂ ಕಾಣುವ ಒಂದು ತೊಂದರೆಯನ್ನು ಆರಿಸಿಕೋ, ಅದು ಯಾವ ಸರ್ಕಾರದ್ದು ಎಂದು ಕಂಡುಹಿಡಿದು ಬರೆ. ಅಷ್ಟೇ. ಅಧಿಕಾರಿಗೆ ಪತ್ರ ಬರೆಸುವಂತಿಲ್ಲ. ಅಧಿಕಾರಿಗಳನ್ನು ನೇರವಾಗಿ ಸಂಪರ್ಕಿಸಿ ಇಂಥದ್ದನ್ನು ಮಾಡಿ ಎಂದು ಒತ್ತಾಯಿಸುವ ಕೆಲಸಕ್ಕೆ ಶಾಲೆ ಅಂಕ ಕೊಡಬಾರದು ಎಂದು ಟೆಕ್ಸಸ್ 2021ರಲ್ಲಿ ಕಾನೂನು ಮಾಡಿದೆ. ಶಿಕ್ಷಕರು ತಮ್ಮ ರಾಜಕೀಯಕ್ಕೆ ಮಕ್ಕಳನ್ನು ಬಳಸಿಕೊಳ್ಳಬಾರದು ಎಂಬ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಈಜು ಕಲಿಸುವವರಿಗೆ ನೀರಿನ ಹತ್ತಿರ ಹೋಗಬೇಡಿ ಎಂದಂತಾಯಿತು ಇದು, ನನಗೆ ಇದರ ಬಗ್ಗೆ ನಿಜವಾಗಿ ನೋವಿದೆ. ಕಾನೂನು ಪಾಲಿಸುತ್ತೇನೆ. ಅಂಕ ಅಲ್ಲಿಗೆ ನಿಲ್ಲುತ್ತದೆ, ಮುಂದಿನದು ಮಕ್ಕಳ ಇಷ್ಟ ಎಂದು ಹೇಳಿ ಸುಮ್ಮನಾಗುತ್ತೇನೆ.

ಹುಡುಗಿ ಆರಿಸಿಕೊಂಡದ್ದು ಒಂದು ರಸ್ತೆಯನ್ನು. ಅವಳ ತಮ್ಮ ಮಿಡ್ಲ್ ಸ್ಕೂಲಿಗೆ ಹೋಗಲು ಆರು ಸಾಲುಗಳ ಒಂದು ರಸ್ತೆ ದಾಟಬೇಕು. ಸಂಚಾರ ದೀಪವಿಲ್ಲ. ಶಾಲೆಯನ್ನು ಕೇಳಿದಳು, ರಸ್ತೆ ನಗರದ್ದು ಎಂದರು. ನಗರದ ಕಚೇರಿಗೆ ಫೋನ್ ಮಾಡಿದಳು, ಅದು ನಮ್ಮದಲ್ಲ, ರಾಜ್ಯದ್ದು ಎಂದರು. ರಸ್ತೆಯ ಫಲಕದಲ್ಲೇ ಉತ್ತರವಿತ್ತು. ಅದು ಫಾರ್ಮ್ ಟು ಮಾರ್ಕೆಟ್ ರಸ್ತೆ, ಹೊಲದಿಂದ ಸಂತೆಗೆ ಹೋಗುವ ದಾರಿ. ರೈತರು ಬೆಳೆ ಸಾಗಿಸಲೆಂದು ಟೆಕ್ಸಸ್ ರಾಜ್ಯ ಹಾಕಿಸಿದ ರಸ್ತೆಗಳ ಜಾಲ ಅದು. ಹೊಲ ಹೋಗಿ ಬಡಾವಣೆ ಬಂದಿದೆ, ಸಂತೆ ಹೋಗಿ ಮಾಲ್ ಬಂದಿದೆ, ರಸ್ತೆಯ ಒಡೆತನ ಮಾತ್ರ ಇಂದಿಗೂ ರಾಜ್ಯದ ಸಾರಿಗೆ ಇಲಾಖೆಯದು. ಅಂಕದ ಕೆಲಸ ಅಲ್ಲಿಗೆ ಮುಗಿದಿತ್ತು. ಅವಳು ನಿಲ್ಲಿಸಲಿಲ್ಲ. ಪತ್ರ ಹೇಗೆ ಬರೆಯಬೇಕು ಎಂದು ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಕೇಳಿದಳು.

ನಮ್ಮಪ್ಪ ಊರಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ವಿಧವಾ ವೇತನ, ಪಹಣಿ ತಿದ್ದುಪಡಿ, ಬೋರ್‌ವೆಲ್ ಕೆಟ್ಟದ್ದು. ಜಗಲಿಯ ಮೇಲೆ ಕುಳಿತು ಹಾಳೆಯ ಎಡಗಡೆ ಒಂದು ಮಡಿಕೆ ಮಾಡಿ, ಇಂದ ಎಂದು ಬರೆದು, ಗೆ ಎಂದು ಬರೆದು, ವಿಷಯ ಎಂದು ಬರೆದು ಅಡಿಗೆರೆ ಎಳೆದು, ಎದುರಿಗೆ ಕುಳಿತವರನ್ನು ಕೇಳುತ್ತಿದ್ದರು: "ನಿಮಗೆ ಏನಾಗಬೇಕು, ಒಂದೇ ಮಾತಿನಲ್ಲಿ ಹೇಳಿ." ಎಷ್ಟೋ ಜನಕ್ಕೆ ಅದೇ ಕಷ್ಟವಾಗುತ್ತಿತ್ತು. ಗಂಡ ಸತ್ತ ಕಥೆ, ಮೈದುನನ ಕಾಟದ ಕಥೆ ಎಲ್ಲ ಬಂದು, ಕೊನೆಗೆ ಆ ಒಂದು ಮಾತು ಬರುತ್ತಿತ್ತು. ಅಪ್ಪ ಅದನ್ನೇ ವಿಷಯದ ಮುಂದೆ ಬರೆಯುತ್ತಿದ್ದರು. ನಾನು ಆ ಹುಡುಗಿಗೆ ಹೇಳಿಕೊಟ್ಟದ್ದು ಅದನ್ನೇ, ಅದೇ ಮಡಿಕೆಯ ಸಮೇತ. ಹೆಸರಿನ ಕೆಳಗೆ ವಿದ್ಯಾರ್ಥಿನಿ ಎಂದು ಬರೆದಿದ್ದಳು. ಹೊಡೆದುಹಾಕಿ, ಈ ಊರಿನ ನಿವಾಸಿ ಎಂದು ಬರೆದಳು. ಪುರದಲ್ಲಿ ಇರುವವನು ಪೌರ ಎಂಬುದೇ ನಮ್ಮ ಪದದ ಮೂಲ ಅರ್ಥ ಎಂದು ಆಗ ಅವಳಿಗೆ ಹೇಳಿದೆ. ಕನ್ನಡ ಓದಲು ಬಾರದ ಆ ಮಗು ಪದವನ್ನು ಎರಡು ಸಲ ಹೇಳಿ ನೋಡಿತು.

ಮರುವಾರ ಪೋಷಕರ ಸಭೆಗೆ ಅವಳ ಅಮ್ಮ ಬಂದರು. ಎಲ್ಲರೂ ಹೋಗುವವರೆಗೆ ಕಾದು, ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು: "ಮೇಡಂ, ನಾವು ಇಲ್ಲಿಯವರಲ್ಲ. ಸರ್ಕಾರಕ್ಕೆ ಪತ್ರ ಬರೆದರೆ ಇವರ ಅಪ್ಪನ ವೀಸಾಕ್ಕೆ ಏನೂ ಆಗುವುದಿಲ್ಲವೇ?" ಏನೂ ಆಗುವುದಿಲ್ಲ ಎಂದು ಬಾಯಿಗೆ ಬಂತು. ಆದರೆ ಹಾಗೆ ಮಾತು ಕೊಡಲು ನಾನು ಯಾರು? ಅಹವಾಲು ಸಲ್ಲಿಸುವ ಹಕ್ಕು ಮೊದಲನೆಯ ತಿದ್ದುಪಡಿಯಲ್ಲಿ ಜನರಿಗೆ ಕೊಟ್ಟದ್ದು, ಪೌರರಿಗೆ ಎಂದು ಅಲ್ಲಿ ಬರೆದಿಲ್ಲ, ರಸ್ತೆಗೆ ದೀಪ ಕೇಳುವುದು ಅಪರಾಧವಲ್ಲ, ಆದರೂ ನಿಮಗೆ ಮನಸ್ಸಿಲ್ಲದಿದ್ದರೆ ಅವಳು ಬರೆಯಬೇಕಾಗಿಲ್ಲ, ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ನಾನೂ ನಾಲ್ಕು ವರ್ಷ ಹೀಗೇ ಹೆದರಿಕೊಂಡಿದ್ದೆ ಎಂದೂ ಹೇಳಿದೆ. ಅವರು ಕೈಚೀಲದ ಹಿಡಿಯನ್ನು ತಿರುಚುತ್ತಾ ಸ್ವಲ್ಪ ಹೊತ್ತು ನಿಂತಿದ್ದು, "ಅವಳ ತಮ್ಮ ದಿನಾ ದಾಟುತ್ತಾನೆ" ಎಂದಷ್ಟೇ ಹೇಳಿ ಹೊರಟರು. ಪತ್ರ ಹೋಯಿತು.

ರಾಜ್ಯದ ಎಂಜಿನಿಯರ್ ಒಬ್ಬರಿಂದ ಉತ್ತರ ಬಂತು. ಶಾಲಾ ಮಕ್ಕಳಿಗಾಗಿ ದೀಪ ಹಾಕಲು ಒಂದು ರಾಷ್ಟ್ರೀಯ ಮಾನದಂಡ ಇದೆಯಂತೆ. ಅತಿ ಹೆಚ್ಚು ಮಕ್ಕಳು ದಾಟುವ ಒಂದು ಗಂಟೆಯಲ್ಲಿ ಕನಿಷ್ಠ 20 ಮಕ್ಕಳು ದಾಟುತ್ತಿರಬೇಕು, ವಾಹನಗಳ ನಡುವೆ ಸಾಕಷ್ಟು ಬಿಡುವು ಸಿಗದೆ ಇರಬೇಕು. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಮಕ್ಕಳು ಎಂದಿತ್ತು. ಯಾರ ಮಕ್ಕಳು ಎಂದು ಇರಲಿಲ್ಲ.

ಫೆಬ್ರವರಿಯ ಒಂದು ದಿನ ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆಗಳು ಬಂದವು, ಬದಿಯ ಕಂಬಕ್ಕೆ ಬೀಗ ಹಾಕಿದ ಒಂದು ಪೆಟ್ಟಿಗೆ. ಗಾಲಿ ಹಾಯ್ದಾಗಲೆಲ್ಲ ಎಣಿಸುವ ಸಾಧನ. ಅದು ಕಾರುಗಳನ್ನು ಎಣಿಸುತ್ತದೆ, ನಡೆಯುವವರನ್ನು ಎಣಿಸುವುದಿಲ್ಲ ಎಂದು ಹುಡುಗಿ ಮೂರು ದಿನ ಬೆಳಿಗ್ಗೆ ತಾನೇ ನೋಟುಪುಸ್ತಕ ಹಿಡಿದು ನಿಂತಳು. ಐದೈದಕ್ಕೆ ಒಂದು ಅಡ್ಡಗೆರೆ. 34, 31, 37. ಮೂರನೆಯ ದಿನ ಮಳೆಯಿತ್ತು, ಆ ಪುಟದ ಶಾಯಿ ಹರಡಿದೆ. ಕೆಳಗೆ ಒಂದು ಪ್ರಶ್ನೆ ಬರೆದಿದ್ದಳು: ದಾಟಲು ಹೆದರಿ ಕಾರಿನಲ್ಲಿ ಹೋಗುವ ಮಕ್ಕಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು? ಇಷ್ಟು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಸರ್ಕಾರದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ನೆನಪಿಲ್ಲ. ಮಾರ್ಚ್‌ನಲ್ಲಿ ಆ ಪುಟಗಳ ಪ್ರತಿಗಳೊಂದಿಗೆ ಅವಳು ನಗರದ ಕೌನ್ಸಿಲ್ ಸಭೆಗೆ ಹೋದಳು. ರಸ್ತೆ ರಾಜ್ಯದ್ದಾದರೂ ನಗರ ಒತ್ತಾಯ ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ಅಷ್ಟರಲ್ಲಿ ಅವಳಿಗೇ ಗೊತ್ತಾಗಿತ್ತು. ಬಾಗಿಲ ಬಳಿ ತುಂಬಬೇಕಾದ ಚೀಟಿಯಲ್ಲಿ ಹೆಸರು, ವಿಳಾಸ, ವಿಷಯ, ಮೂರೇ ಸಾಲು. ಚೌಕಗಳಿರಲಿಲ್ಲ. ಮಾತನಾಡಲು 3 ನಿಮಿಷ. ಅವಳು ಎರಡೂವರೆ ನಿಮಿಷದಲ್ಲಿ ಮುಗಿಸಿದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣು ಒರೆಸಿಕೊಂಡೆ.

ಅವಳು ಶಾಲೆ ಮುಗಿಸುವಷ್ಟರಲ್ಲಿ ದೀಪ ಬರಲಿಲ್ಲ. ಈಗ ಕಾಲೇಜಿನಲ್ಲಿದ್ದಾಳೆ. 2027ರಲ್ಲಿ 21 ತುಂಬುತ್ತದೆ, ಅದರೊಳಗೆ ವಿದ್ಯಾರ್ಥಿ ವೀಸಾಕ್ಕೆ ಬದಲಿಸಿಕೊಳ್ಳಬೇಕು, ಅದರ ಚಿಂತೆ ಶುರುವಾಗಿದೆ. ನಾನು ಈಗ ನೋಂದಣಿ ಅರ್ಜಿ ಹಂಚುವ ದಿನ ಮೊದಲೇ ಹೇಳಿಬಿಡುತ್ತೇನೆ: ಪೌರರಲ್ಲದವರು ತಪ್ಪಿಯೂ ಇದಕ್ಕೆ ಸಹಿ ಹಾಕಬೇಡಿ, ಮುಂದೆ ದೊಡ್ಡ ತೊಂದರೆಯಾಗುತ್ತದೆ, ನಾನೂ ನಾಲ್ಕು ವರ್ಷ ಸಹಿ ಹಾಕದೆ ಇದನ್ನು ಹಂಚಿದ್ದೇನೆ. ಆಮೇಲೆ ಎಲ್ಲರಿಗೂ ಎಡಗಡೆ ಮಡಿಕೆ ಮಾಡಿದ ಒಂದು ಖಾಲಿ ಹಾಳೆ ಕೊಡುತ್ತೇನೆ.

ಈ ವರ್ಷ ಏಪ್ರಿಲ್‌ನಲ್ಲಿ ಆ ರಸ್ತೆಯಲ್ಲಿ ಕಂಬಗಳು ನಿಂತವು. ಹೊಸ ದೀಪಗಳಿಗೆ ಚಾಲೂ ಮಾಡುವವರೆಗೆ ಕಪ್ಪು ಚೀಲ ಹೊದಿಸಿರುತ್ತಾರೆ. ಎರಡು ವಾರ ಕಳೆದರೂ ಚೀಲ ತೆಗೆದಿರಲಿಲ್ಲ. ಒಂದು ಬೆಳಿಗ್ಗೆ ಹುಡುಗಿಯ ಅಮ್ಮ ವಾಟ್ಸ್ಆ್ಯಪ್‌ನಲ್ಲಿ ಅದರ ಫೋಟೋ ಕಳಿಸಿದರು. ಕೆಳಗೆ ಬರೆದಿದ್ದರು: "ಮೇಡಂ, ಇನ್ನೂ ಹೊತ್ತಿಲ್ಲ. ಯಾರಿಗೆ ಫೋನ್ ಮಾಡಬೇಕು, ನಂಬರ್ ಕೊಡಿ. ನಾನೇ ಮಾಡುತ್ತೇನೆ."